ಒಂದೇ ಬಿಸಿ ಕೆಸರಲ್ಲಿ ಸಿಕ್ಕಿದ್ರೂ ಒಂದು ಬ್ಯಾಕ್ಟೀರಿಯಾ, ಒಂದು ಆರ್ಕಿಯಾ ಯಾಕೆ?

ಬಿಎಸ್ಸಿ_ದಾವಣಗೆರೆ:
ಎಲ್ರಿಗೂ ನಮಸ್ಕಾರ. ದಾವಣಗೆರೇಲಿ ಬಿಎಸ್ಸಿ ಮೈಕ್ರೋ ಮಾಡ್ತಿದೀನಿ, ಸೋಮವಾರ ಸೆಮಿನಾರ್ ಐತೆ, ಟಾಪಿಕ್ಕು ಸಮುದ್ರದ ಬಿಸಿ ಬುಗ್ಗೆಗಳ ಸೂಕ್ಷ್ಮಜೀವಿಗಳು. ಥರ್ಮೋಟೋಗ ಮ್ಯಾರಿಟಿಮಾ, ಪೈರೋಕಾಕಸ್ ಫ್ಯೂರಿಯೋಸಸ್ ಎರಡೂ ಇಟಲಿಯ ವಲ್ಕಾನೋ ದ್ವೀಪದ ತೀರದ ಬಿಸಿ ಕೆಸರಲ್ಲಿ ಸಿಕ್ಕಿದ್ದು, ಎರಡನ್ನೂ 1986ರಲ್ಲಿ ಹೊರಗೆ ತಂದಿದ್ದು ಕಾರ್ಲ್ ಸ್ಟೆಟರ್ ಅವರ ತಂಡಾನೇ, ಎರಡಕ್ಕೂ ಆಕ್ಸಿಜನ್ ಆಗಲ್ಲ, ಆದ್ರೂ ಮೊದಲ್ನೇದು ಬ್ಯಾಕ್ಟೀರಿಯಾ ಅಂತೆ ಎರಡನೇದು ಆರ್ಕಿಯಾ (ನೋಡಕ್ಕೆ ಬ್ಯಾಕ್ಟೀರಿಯಾ ಥರಾನೇ, ಆದ್ರೆ ಬೇರೆ ಗುಂಪಿನ ಏಕಕೋಶ ಜೀವಿ) ಅಂತೆ! ಇನ್ನೊಂದು ಡೌಟು, ಪೈರೋಕಾಕಸ್‌ಗೆ 100 ಡಿಗ್ರಿ ಬೇಕು ಅಂತಾರಲ್ಲ, ಅಷ್ಟು ಬಿಸೀಲಿ ಪ್ಲೇಟಲ್ಲಿ ಸೂಕ್ಷ್ಮಜೀವಿ ಬೆಳೆಸೋಕೆ ಹಾಕೋ ಜೆಲ್ಲಿ, ಅಗರ್, ನಿಲ್ಲುತ್ತಾ?

ಪ್ಲೇಟ್_ತೊಳೆಯೋನು:
ನಿಲ್ಲಲ್ಲ ಕಣಮ್ಮ, 85ರ ಹತ್ರ ಹೋದ್ರೆ ಕರಗಿ ತಿಳಿಸಾರು. ನಾನು ಎಂಎಸ್ಸೀಲಿ 65ಕ್ಕೆ ಇಟ್ಟಿದ್ದಕ್ಕೇ ಬೆಳಗ್ಗೆ ನೋಡಿದ್ರೆ ಮುಚ್ಚಳದ ತುಂಬಾ ಬೆವರು, ಒಳಗಡೆ ಅಗರ್ ಅಂಚು ಬಿಟ್ಕಂಡು ಹಪ್ಪಳ ಆಗಿತ್ತು. ಅದಕ್ಕೇ ಅಗರ್ ಬದ್ಲು ಜಾಸ್ತಿ ಬಿಸಿ ತಡೆಯೋ ಜೆಲ್ಲಾನ್ ಗಮ್ ಹಾಕ್ತಾರೆ, ಇಲ್ಲಾಂದ್ರೆ ಪ್ಲೇಟಿನ ಸಹವಾಸಾನೇ ಬ್ಯಾಡ ಅಂತ ರಬ್ಬರ್ ಬಿರಡೆ ಹಾಕಿರೋ ಸೀಸೇಲಿ ಆಕ್ಸಿಜನ್ ತೆಗೆದು ದ್ರವದಲ್ಲೇ ಬೆಳೆಸಿ, ಆಮೇಲೆ ಲೇಸರ್ ಬೆಳಕಲ್ಲಿ ಒಂದೇ ಒಂದು ಕೋಶ ಹಿಡಿದು ಬೇರೆ ಮಾಡ್ತಾರೆ.

ಇನ್ನು ವಂಶದ ವಿಷ್ಯ. ಬಿಸಿ ತಡ್ಕೊಳೋದು ಕಸುಬು ಇದ್ದಂಗೆ, ಕಸುಬು ನೋಡಿ ನೆಂಟಸ್ತನ ಹೇಳಕ್ಕಾಗಲ್ಲ. 1977ರಲ್ಲಿ ವೋಸ್ ಮತ್ತೆ ಫಾಕ್ಸ್ ಅನ್ನೋ ವಿಜ್ಞಾನಿಗಳು ಕೋಶದಲ್ಲಿ ಪ್ರೋಟೀನ್ ಮಾಡೋ ರೈಬೋಸೋಮ್‌ನ ಆರ್‌ಎನ್‌ಎ ಹೋಲಿಸಿ ನೋಡಿದ್ಮೇಲೇ ಆರ್ಕಿಯಾ ಬೇರೆ ಮನೆತನ ಅಂತ ಗೊತ್ತಾಗಿದ್ದು. ಆದ್ರೆ ನೀನು ಕೇಳಿದ್ರಲ್ಲೂ ಅರ್ಥ ಐತೆ, ಯಾಕಂದ್ರೆ 1999ರಲ್ಲಿ ಥರ್ಮೋಟೋಗದ ಜೀನೋಮ್, ಅಂದ್ರೆ ಅದ್ರ ಇಡೀ ಡಿಎನ್‌ಎ, ಪೂರ್ತಿ ಓದಿದಾಗ ಹತ್ರಹತ್ರ ಕಾಲುಭಾಗ ಜೀನು ಆರ್ಕಿಯಾದವುಕ್ಕೇ ಜಾಸ್ತಿ ಹೋಲ್ತಿದ್ವು, ಅಂದ್ರೆ ಒಂದೇ ಕಡೆ ಬಾಳ್ವೆ ಮಾಡ್ತಾ ಜೀನುಗಳ ಕೊಡು-ತಗೊ ನಡೆದೈತೆ ಅಂತ ಲೆಕ್ಕ. ಸೆಮಿನಾರಲ್ಲಿ ಇದನ್ನೇ ಹಿಡ್ಕ, ಪಟ್ಟಿ ಓದಬ್ಯಾಡ.

ಕೋಟೆ_ಮೇಷ್ಟ್ರು:
ನಾನು ಚಿತ್ರದುರ್ಗದವನು, ಜಿಯಾಲಜಿ. ಐಮಂಗಲದ ಹತ್ರ ಮರಡಿಹಳ್ಳಿಗೆ ಒಂದ್ಸಲ ಹೋಗಿ ಬಾರಮ್ಮ, ದಿಂಬು ಜೋಡಿಸಿದಂಗಿರೋ ಲಾವಾ ಕಲ್ಲೈತೆ, ನೀರಿನೊಳಗೆ ಉಕ್ಕಿದ ಲಾವಾ ಹೊರಗಡೆಯಿಂದ ಫಟ್ಟಂತ ತಣ್ಣಗಾದ್ರೆ ಆ ಆಕಾರ ಬರೋದು. ಬರೀ ಬಯಲು, ಬಿಸಿಲು, ಅಲ್ಲಿ ನಿಂತ್ಕಂಡು ಇದು ಸಮುದ್ರದ ತಳ ಅಂದ್ರೆ ಹುಡುಗ್ರು ನಗ್ತಾರೆ. ಮೊದಲ ಸ್ಲೈಡಿಗೆ ಫೋಟೋ ಹಾಕು. ಅದ್ರಲ್ಲೂ ಶಾಖಪ್ರಿಯ ಜೀವಿ ಇದ್ವು ಅಂತ ಮಾತ್ರ ಹೇಳ್ಬೇಡ, ದಿಂಬಿನ ಆಕಾರ ಅದಕ್ಕೆ ಸಾಕ್ಷಿ ಅಲ್ಲ.

ಸುಮ್ನೆ_ಓದೋನು:
ಮಧ್ಯೆ ಬಾಯಿ ಹಾಕ್ತಿದೀನಿ, ಆಸ್ಪತ್ರೇಲಿ ಸಾಮಾನಿನ ಕ್ರಿಮಿ ಬಿಸಿ ಹಬೇಲಿ ಸಾಯಿಸೋ ಆಟೋಕ್ಲೇವ್ ಕೂಡ 121 ಡಿಗ್ರಿ ತಾನೆ? ಇವು ಅದ್ರಲ್ಲೂ ಬದುಕಿದ್ರೆ ನಮ್ ಗತಿ?

ಪ್ಲೇಟ್_ತೊಳೆಯೋನು:
ಬದುಕೋದಷ್ಟೇ ಅಲ್ಲಣ್ಣ, ಮರಿ ಹಾಕುತ್ತೆ. ಪೆಸಿಫಿಕ್ ತಳದ ಬಿಸಿ ಬುಗ್ಗೇಲಿ ಸಿಕ್ಕಿದ ಒಂದು ಆರ್ಕಿಯಾನ ಆಟೋಕ್ಲೇವಲ್ಲಿ ಇಡೀ ದಿನ ಇಟ್ರೂ ಸಂಖ್ಯೆ ಜಾಸ್ತಿ ಆಗಿತ್ತು, 2003ರಲ್ಲಿ ವರದಿ ಆಗಿದ್ದು, ಸ್ಟ್ರೈನ್ 121 ಅಂತಾನೇ ಹೆಸರು. ಆದ್ರೆ 85ಕ್ಕಿಂತ ಕೆಳಗಡೆ ಅದು ಬೆಳೆಯಲ್ಲ. ನಮ್ ಮೈ 37, ಅದ್ರ ಪಾಲಿಗೆ ಫ್ರಿಜ್ಜು.

ಬಿಎಸ್ಸಿ_ದಾವಣಗೆರೆ:
ಥ್ಯಾಂಕ್ಸ್ ಅಣ್ಣ, ಥ್ಯಾಂಕ್ಸ್ ಸರ್. ಈ ಫ್ರಿಜ್ಜಿನ ಮಾತು ಕದೀತೀನಿ. ಮರಡಿಹಳ್ಳಿಗೆ ಭಾನುವಾರ ಬಸ್ ಸಿಗುತ್ತಾ ಸರ್?