ಪೋಸ್ಟಿಂಗ್ ಬಂತು ಅಂದ್ರೆ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಸಂಜೆ 5ರಿಂದ ಮಕ್ಕಳ ಮನಶ್ಶಾಸ್ತ್ರಜ್ಞೆ ಮೇಡಂ ನಮ್ ಜೊತೆ ಇರ್ತಾರೆ. ಫೌಜಿ ಮನೆ, ಅಂದ್ರೆ ಸೈನಿಕರ ಮನೆ ಮಕ್ಕಳ ಬಗ್ಗೆ ಏನಿದ್ರೂ ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕ್ಬೇಡಿ.

ಯಲಹಂಕ ಅಮ್ಮ: ನಮಸ್ತೆ ಮೇಡಂ, ಮಗನಿಗೆ 6 ವರ್ಷ, ತೇಜ್‌ಪುರದಿಂದ ಬಂದು ಮೂರು ವಾರ ಆಯ್ತು, ದಿನಾ ಸ್ಕೂಲ್ ಗೇಟ್ ಹತ್ರ ರಂಪ.

ಮೇಡಂ: ಮೂರು ವಾರ ಅಂದ್ರೆ ಸಹಜಾನೇ. ಕದ್ದು ಮಾತ್ರ ಹೊರಡ್ಬೇಡಿ. ಟಾಟಾ ಹೇಳಿ, ಎಷ್ಟೊತ್ತಿಗೆ ಬರ್ತೀನಿ ಅಂತ ಹೇಳಿ ಹೊರಟುಬಿಡಿ. ಊಟ, ಮಲಗೋದು ಅಲ್ಲಿ ಯಾವ ಹೊತ್ತಿಗಿತ್ತೋ ಇಲ್ಲೂ ಅದೇ ಹೊತ್ತಿಗೆ ಇರ್ಲಿ.

ಹೆಬ್ಬಾಳ ಅಮ್ಮ: ನನ್ ಮಗಳೂ ಅಳ್ತಾಳೆ ಮೇಡಂ, ಎರಡು ವಾರ ಆಯ್ತು.

ಮೇಡಂ: ಮೇಲಿನ ಉತ್ತರ ಓದಿ.

ದೊಡ್ಡಮ್ಮ: *ಫಾರ್ವರ್ಡ್* ಹೊಸ ಊರು ಹಿಡಿಸದ ಮಕ್ಕಳಿಗೆ ಬಜೆ ತೇದು ಜೇನುತುಪ್ಪದಲ್ಲಿ ಕಲಸಿ 21 ದಿನ ನಾಲಿಗೆಗೆ ಸವರಿ, ಹಳೇ ಮನೆ ಮಣ್ಣು ದಿಂಬಿನ ಕೆಳಗಿಡಿ 🙏

ಮೇಡಂ: ಮಣ್ಣು ಬೇಕಾದ್ರೆ ಇಟ್ಕೊಳ್ಳಿ, ಯಾರಿಗೂ ಏನೂ ಆಗಲ್ಲ. ಬಜೆ ಬೇಡ. ವರ್ಷ ತುಂಬದ ಮಗುಗೆ ಜೇನುತುಪ್ಪಾನೂ ಕೊಡ್ಬಾರ್ದು.

ನಾಯಿ ಮನೆ: ನಮ್ ಲ್ಯಾಬ್ರಡಾರ್‌ನ ಟ್ರೈನಲ್ಲಿ ಪಠಾಣ್‌ಕೋಟ್‌ಗೆ ಕರ್ಕೊಂಡು ಹೋಗ್ಬೇಕು, ಅದಿಲ್ದೆ ಮಗ ಬರಲ್ಲ ಅಂತಾನೆ, ಏನ್ ಮಾಡೋದು?

ಜಾಲಹಳ್ಳಿ ಅಮ್ಮ: ಮೇಡಂ ನಮ್ದು ದೊಡ್ಡ ಸಮಸ್ಯೆ ಏನಲ್ಲ. ಯಜಮಾನ್ರು ಜೋಧ್‌ಪುರಕ್ಕೆ ರಿಪೋರ್ಟ್ ಮಾಡಿ ಆಯ್ತು, ನಾವು ಮುಂದಿನ ತಿಂಗಳು ಹೋಗ್ಬೇಕು. ಮಗಳಿಗೆ 14, ಇದು ಐದನೇ ಸ್ಕೂಲು. ಹೋದ್ಸಲ ಗಲಾಟೆ ಮಾಡಿದ್ಳು, ಈ ಸಲ ಒಂದು ಮಾತಿಲ್ಲ, ಬುದ್ಧಿ ಬಂದಿದೆ ಅನ್ಕೊಂಡೆ, ತಾನೇ ಪೇಂಟ್ ಬಾಕ್ಸು ಡ್ಯಾನ್ಸ್ ಗೆಜ್ಜೆ ಎಲ್ಲಾ ಪಕ್ಕದ್ ಕ್ವಾರ್ಟರ್ಸ್ ಹುಡುಗೀಗೆ ಕೊಟ್ಟುಬಿಟ್ಳು. ಅವಳ ಟ್ರಂಕ್ ಮಾತ್ರ ಇನ್ನೂ ಖಾಲಿ. ಕೇಳಿದ್ರೆ ಅಲ್ಲಿಗೆ ನಾನು ಬಂದ್ರೆ ತಾನೇ ಅಂತ ನಗ್ತಾಳೆ. ರಾತ್ರಿ ನಿದ್ದೆ ಮಾಡಲ್ಲ, ಊಟ ಸೇರಲ್ಲ. ಯಾವ್ದಾದ್ರೂ ಟಾನಿಕ್ ಹೇಳಿ.

ಮೇಡಂ: ಟಾನಿಕ್ ಇರ್ಲಿ. ಮಗಳು ಈಗ ಎಲ್ಲಿದ್ದಾಳೆ? ಮನೇಲೇ ಇದ್ರೆ ಫೋನ್ ಕೆಳಗಿಟ್ಟು ಹೋಗಿ ಅವಳ ಪಕ್ಕ ಕೂತ್ಕೊಳ್ಳಿ, ಆಮೇಲೆ ಇದನ್ನ ಓದಿ.

ಮನೆಯೆಲ್ಲಾ ಪ್ಯಾಕಿಂಗ್ ಆಗ್ತಿರುವಾಗ ಒಂದು ಮಗು ತನ್ನ ಸಾಮಾನು ಹಂಚಿದ್ರೆ ಯಾರಿಗೂ ಅನುಮಾನ ಬರಲ್ಲ, ನಿಮ್ ತಪ್ಪಿಲ್ಲ. ಆದ್ರೆ ಪ್ರೀತಿಯ ಗೆಜ್ಜೆ ಕೊಟ್ಟಿದ್ದು, ನಿದ್ದೆ ಇಲ್ಲ, ಊಟ ಇಲ್ಲ, ‘ನಾನು ಬಂದ್ರೆ ತಾನೇ’ ಅನ್ನೋ ಮಾತು, ಎಲ್ಲಾ ಒಟ್ಟಿಗೆ ಬಂದಾಗ ನಂಗೆ ಭಯ ಆಗುತ್ತೆ. ಇಲ್ಲೇ ಇರ್ತೀನಿ ಅನ್ನೋ ಹಟಾನೂ ಇರ್ಬಹುದು. ಕೇಳದೆ ಗೊತ್ತಾಗಲ್ಲ. ಸುತ್ತಿ ಬಳಸಿ ಬೇಡ, ‘ಸಾಯ್ಬೇಕು ಅಂತ ಅನ್ಸುತ್ತಾ ಪುಟ್ಟಾ’ ಅಂತ ನೇರವಾಗಿ ಕೇಳಿ. ಕೇಳಿದ್ರೆ ಇಲ್ಲದ ಯೋಚನೆ ತಲೇಗೆ ತುಂಬ್ದಂಗಾಗುತ್ತೆ ಅನ್ನೋದು ಸುಳ್ಳು. ಹೌದು ಅಂದ್ರೆ ಬೈಬೇಡಿ, ಅಪ್ಪನ ಕಷ್ಟ ಹೇಳ್ಬೇಡಿ, ಫೌಜಿ ಮಕ್ಕಳು ಗಟ್ಟಿ ಇರ್ಬೇಕು ಅಂತೂ ಅನ್ಲೇಬೇಡಿ. ರಾತ್ರಿ ಒಂದೇ ರೂಮಲ್ಲಿ ಮಲಗಿ. ಮನೇಲಿರೋ ಮಾತ್ರೆ ಎಲ್ಲಾ ಬೀಗ ಹಾಕಿಡಿ. 14416 ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ. ಹೌದು ಅಂದ್ರೆ ಅಥವಾ ನಿಮ್ಗೆ ಕೈಕಾಲು ಆಡದಿದ್ರೆ ಬೆಳಗಾಗ್ಲಿ ಅಂತ ಕಾಯ್ದೆ ನಿಮ್ಹಾನ್ಸ್ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ, ಅದು ದೂರ ಅನ್ಸಿದ್ರೆ ಹತ್ತಿರದ ಯಾವ ಎಮರ್ಜೆನ್ಸಿ ಆದ್ರೂ ಸರಿ. ಯಜಮಾನ್ರಿಗೂ ಈಗ್ಲೇ ಹೇಳಿ, ಗಾಬರಿ ಆಗ್ತಾರೆ ಅಂತ ಮುಚ್ಚಿಡ್ಬೇಡಿ. ನನ್ ನಂಬರ್ ಅಡ್ಮಿನ್ ಹತ್ರ ಇದೆ.

ನಿವೃತ್ತ ಅಂಕಲ್: ಸುಮ್ನೆ ಹೆದರಿಸ್ತೀರಿ ಮೇಡಂ. ನನ್ ಮಕ್ಕಳು ಏಳು ಸ್ಕೂಲ್ ಓದಿದ್ರು, ಯಾರಿಗೂ ಏನೂ ಆಗ್ಲಿಲ್ಲ.

ಯಲಹಂಕ ಅಮ್ಮ: ಅಂಕಲ್ ನೀವು ಫೀಲ್ಡಲ್ಲಿದ್ರಿ, ಮನೇಲಿರ್ಲಿಲ್ಲ. ಏನಾಯ್ತು ಅಂತ ಆಂಟೀನ ಕೇಳಿ.

ನಿವೃತ್ತ ಅಂಕಲ್: ಮಾತು ಸರಿಯಾಗಿ ಆಡಮ್ಮ.

ಸಿವಿಲ್ ಸದಸ್ಯ: ಹೆಂಡ್ತಿ ಮಕ್ಕಳನ್ನ ಒಂದೇ ಊರಲ್ಲಿಟ್ರೆ ಮುಗೀತಲ್ವಾ? ಕ್ವಾರ್ಟರ್ಸ್, ಅಗ್ಗದಲ್ಲಿ ಸಾಮಾನು ಸಿಗೋ ಕ್ಯಾಂಟೀನ್ ಎಲ್ಲಾ ಇದೆ, ನಮ್ಗೆ ಏನಿದೆ?

ಹೆಬ್ಬಾಳ ಅಮ್ಮ: ಬನ್ನಿ ಸಾರ್, ಕ್ಯಾಂಟೀನ್ ಕಾರ್ಡ್ ಕೊಡ್ತೀನಿ, ಅದರ ಜೊತೆ ಎರಡು ವರ್ಷಕ್ಕೊಂದ್ಸಲ ಟ್ರಂಕೂ ನೀವೇ ತುಂಬಿ. ನನ್ ಮಗನ್ನ ಸೋದರತ್ತೆ ಮನೇಲಿ ಹಿಂದಿಯವ್ನು ಅಂತ ಆಡ್ಕೋತಾರೆ, ಅದನ್ನೂ ತಗೊಳ್ಳಿ.

ಸಿವಿಲ್ ಸದಸ್ಯ: ಮನೇಲಿ ಕನ್ನಡ ಮಾತಾಡ್ಸಿದ್ರೆ ಆಡ್ಕೋತಿರ್ಲಿಲ್ಲ.

ಹೆಬ್ಬಾಳ ಅಮ್ಮ: ಮನೇಲಿ ಕನ್ನಡಾನೇ ಕಣ್ರೀ!! ಹೊರಗೆ ಎಂಟು ವರ್ಷ ಪಂಜಾಬಲ್ಲಿದ್ವಿ, ಯಾರ್ ಹತ್ರ ಮಾತಾಡ್ತಾನೆ ಅವ್ನು?

ಮೇಡಂ: ಇಬ್ರೂ ನಿಲ್ಸಿ. ಜಾಲಹಳ್ಳಿ ಅವ್ರೇ, ಏನಾಯ್ತು?

ಹೊಸಬರು: ಕೇಂದ್ರೀಯ ವಿದ್ಯಾಲಯ ಸೀಟ್‌ಗೆ ಟ್ರಾನ್ಸ್‌ಫರ್ ಲೆಕ್ಕ ಹೇಗೆ?

ಯಲಹಂಕ ಅಮ್ಮ: ಹಿಂದಿನ 7 ವರ್ಷದಲ್ಲಿ ಎಷ್ಟು ಟ್ರಾನ್ಸ್‌ಫರ್ ಅಂತ ನೋಡ್ತಾರೆ.

ದೊಡ್ಡಮ್ಮ: *ಫಾರ್ವರ್ಡ್* ಹದಿಹರೆಯದ ಮೌನಕ್ಕೆ ಬ್ರಾಹ್ಮಿ ಎಲೆ ರಸ...

ಮೇಡಂ: ಅಮ್ಮಾ, ಕೈ ಮುಗೀತೀನಿ, ಇವತ್ತು ಬೇಡ. ಇದನ್ನ ನಂಬ್ಕೊಂಡು ಯಾರಾದ್ರೂ ಇವತ್ತಿನ ರಾತ್ರಿ ಕಳೆದ್ರೆ ಹೊಣೆ ಯಾರು? ಅಡ್ಮಿನ್, ಡಿಲೀಟ್ ಮಾಡಿ. ಜಾಲಹಳ್ಳಿ ಅವ್ರೇ, ಒಂದಕ್ಷರ ಆದ್ರೂ ಬರೀರಿ.

ಜಾಲಹಳ್ಳಿ ಅಮ್ಮ: ಕೇಳಿದೆ ಮೇಡಂ. ತುಂಬಾ ಹೊತ್ತು ಸುಮ್ನಿದ್ಳು. ಹೌದು ಅಂದ್ಳು. ತೊಡೆ ಮೇಲೆ ಮಲಗಿದಾಳೆ. ಅವ್ರಿಗೆ ಫೋನ್ ಮಾಡ್ದೆ, 14416ಗೂ ಮಾಡ್ದೆ.

ಮೇಡಂ: ಕೇಳಿದ್ದು ಒಳ್ಳೇದಾಯ್ತು. ಈಗ್ಲೇ ಹೊರಡಿ, ಒಂಟಿಯಾಗಲ್ಲ, ಪಕ್ಕದ ಮನೆಯವರನ್ನ ಕರ್ಕೊಂಡು. ಕ್ಯಾಬಲ್ಲಿ ಕೂತ್ಮೇಲೆ ನಂಗೆ ಕಾಲ್ ಮಾಡಿ. ಉಳಿದ ಪ್ರಶ್ನೆ ಇನ್ನೊಂದು ದಿನ.

ಅಡ್ಮಿನ್: ನಾನು ಗಂಗಮ್ಮನ ಗುಡಿ ಹತ್ರ ಇದೀನಿ, ಕಾರು ತರ್ತೀನಿ ಅಕ್ಕ. ಗೇಟ್‌ನಲ್ಲಿ ನನ್ ಹೆಸರು ಹೇಳಿಡಿ.

ನಾಯಿ ಮನೆ: ಸರಿ. ನಮ್ದು ಆಮೇಲೆ ಕೇಳ್ತೀನಿ.