ಊರಿನ ಹಳೇ ಟಾಕೀಸನ್ನು ನಾಟಕಕ್ಕೆ ಸಜ್ಜು ಮಾಡಬಹುದಾ?

ಆಪರೇಟರ್ ಮಗ:
ನಮ್ಮೂರ ಪೇಟೆ ಬೀದಿಯ ಟಾಕೀಸು ಮುಚ್ಚಿ ಹದಿನಾಲ್ಕು ವರ್ಷ ಆಯಿತು. ಅಪ್ಪ ಅಲ್ಲೇ ಪ್ರೊಜೆಕ್ಟರ್ ಆಪರೇಟರ್ ಆಗಿದ್ದರು. ರಾತ್ರಿ ಮನೆಗೆ ಬಂದರೆ ಅವರ ಅಂಗಿಯೆಲ್ಲ ಪ್ರೊಜೆಕ್ಟರಿನ ಬೆಳಕಿಗೆ ಉರಿಸುವ ಕಾರ್ಬನ್ ಕಡ್ಡಿ ಸುಟ್ಟ ವಾಸನೆ. ಮಾಲೀಕರ ಮೊಮ್ಮಗ ಕೆಡವಿ ಕಲ್ಯಾಣ ಮಂಟಪ ಕಟ್ಟಬೇಕು ಅಂತಿದ್ದರು. ನಾವು ಹತ್ತು ಜನ ಹೋಗಿ ಕೂತ ಮೇಲೆ ಐದು ವರ್ಷಕ್ಕೆ ಬಾಡಿಗೆಗೆ ಕೊಡಲು ಒಪ್ಪಿದ್ದಾರೆ. ನಾಟಕ, ಶಾಲೆ ಮಕ್ಕಳ ಕಾರ್ಯಕ್ರಮ, ತಿಂಗಳಿಗೊಂದು ಸಿನಿಮಾ, ಇಷ್ಟೇ ನಮ್ಮ ಆಸೆ. ತಗಡಿನ ಮಾಡು ಸೋರುತ್ತದೆ. ಬಾಲ್ಕನಿ ಗಟ್ಟಿ ಇದೆ ಅನಿಸುತ್ತದೆ. ಮೊದಲು ಮುಂದಿನ ಗೋಡೆಗೆ ಬಣ್ಣ ಹೊಡೆದರೆ ಜನ ದುಡ್ಡು ಕೊಡುತ್ತಾರೆ ಅಂತ ಗೆಳೆಯರ ವಾದ. ಏನಂತೀರಿ?

ಮಾಟುಂಗಾದಿಂದ:
ಅನಿಸುತ್ತದೆ ಅಂತ ಬಾಲ್ಕನಿ ಮೇಲೆ ಜನರನ್ನು ಕೂರಿಸಬೇಡಿ ಮಾರಾಯರೇ! ಎಂಜಿನಿಯರ್ ಕೈಲಿ ತೋರಿಸಿ, ಬರೆಸಿಕೊಳ್ಳಿ. ಬಣ್ಣ ಕೊನೆಗೆ. ಇಲ್ಲಿ ಮುಂಬೈಯ ಹಳೇ ರಂಗಮಂದಿರ ರಾಯಲ್ ಒಪೇರಾ ಹೌಸ್ 1993ರಲ್ಲಿ ಮುಚ್ಚಿದ್ದು ಮತ್ತೆ ಬಾಗಿಲು ತೆರೆದದ್ದು 2016ರಲ್ಲಿ. ಅದು ಗುಜರಾತಿನ ಗೊಂಡಲ್ ರಾಜಮನೆತನದ ಆಸ್ತಿ. ರಾಜರ ಮನೆಯವರಿಗೇ ಇಷ್ಟು ಕಾಲ ಹಿಡಿಯಿತು! ಇನ್ನೊಂದು ಮಾತು, ಐದು ವರ್ಷ ಸಾಲದು. ನೀವು ಮಾಡು ಹೊದಿಸಿ ಮುಗಿಸುವಷ್ಟರಲ್ಲಿ ಎರಡು ವರ್ಷ ಹೋಗಿರುತ್ತದೆ. ಹೊಸ ಮಾಡಿನ ಜೊತೆ ಕಟ್ಟಡ ವಾಪಸ್ ಕೊಡಬೇಕಾ? ಹದಿನೈದು ವರ್ಷ ಕೇಳಿ, ಕರಾರನ್ನು ರಿಜಿಸ್ಟರ್ ಮಾಡಿಸಿ.

ಲೈಟಿಂಗ್ ಕೆಲಸದವ:
ಅಣ್ಣಾ, ಪರದೆ ಹಿಂದೆ ಎಷ್ಟು ಅಡಿ ಜಾಗ ಇದೆ? ಸಿನಿಮಾಗೆ ಸ್ಪೀಕರ್ ಇಡುವಷ್ಟಿದ್ದರೆ ಸಾಕು. ನಾಟಕಕ್ಕೆ ಹಾಗಲ್ಲ. ಆಳ ಬೇಕು, ಎರಡೂ ಕಡೆ ನಟರು ಮರೆಯಲ್ಲಿ ನಿಲ್ಲುವ ಜಾಗ, ಅಂದರೆ ವಿಂಗ್ಸ್ ಬೇಕು, ಬಣ್ಣ ಹಚ್ಚಿಕೊಳ್ಳಲು ಕೋಣೆ ಬೇಕು. ಹಳೇ ವೈರಿಂಗನ್ನು ನಂಬಲೇಬೇಡಿ, ಪೂರ್ತಿ ಕಿತ್ತು ಹಾಕಿ. ತಗಡಿನ ಮೇಲೆ ಮಳೆ ಬಿದ್ದರೆ ನಟರ ಮಾತು ಹಿಂದಿನ ಸಾಲಿಗೆ ಕೇಳುವುದಿಲ್ಲ. ಸೋರುವುದನ್ನು ನಿಲ್ಲಿಸುವಾಗಲೇ ಕೆಳಗೊಂದು ಒಳಮಾಡು ಹಾಕಿಸಿ.

ಟ್ಯಾಂಪಾದಿಂದ:
ಅಮೆರಿಕದ ಫ್ಲಾರಿಡಾದಲ್ಲಿ ನಾನಿರುವ ಊರಲ್ಲೂ ಇದೇ ಕಥೆ. ಟ್ಯಾಂಪಾ ಥಿಯೇಟರ್ 1926ರದ್ದು. ಒಳಗೆ ಕೂತು ತಲೆ ಎತ್ತಿದರೆ ನಕ್ಷತ್ರ ಮಿನುಗುವ ಆಕಾಶ, ಎಲ್ಲ ಬಲ್ಬಿನ ಮಹಿಮೆ. 1973ರಲ್ಲಿ ಕೆಡವುವ ಮಾತು ಬಂತು. ಜನ ಎದ್ದು ನಿಂತರು. ನಗರಾಡಳಿತ ಗುತ್ತಿಗೆಯನ್ನು ತನ್ನ ಮೇಲೆ ಹಾಕಿಕೊಂಡಿತು, ಕಾರ್ಯಕ್ರಮ ನಡೆಸುವ ಹೊಣೆಯನ್ನು ಕಲಾ ಮಂಡಳಿಗೆ ಬಿಟ್ಟಿತು. 1977ರಲ್ಲಿ ಮತ್ತೆ ಶುರು. ಈಗಲೂ ಸಿನಿಮಾ, ಸಂಗೀತ ಎಲ್ಲ ನಡೆಯುತ್ತದೆ. ನಿಮ್ಮ ಪುರಸಭೆಯನ್ನು ಕೇಳಿ ನೋಡಿದಿರಾ? ಹತ್ತು ಜನರ ಹೆಸರಲ್ಲಿ ಕರಾರು ಇದ್ದರೆ, ನಾಳೆ ಇಬ್ಬರು ಜಗಳ ಆಡಿದರೂ ಕೆಲಸ ನಿಲ್ಲುತ್ತದೆ. ಶೌಚಾಲಯಕ್ಕೂ ದುಡ್ಡು ತೆಗೆದಿಡಿ. ಅದು ಸರಿ ಇಲ್ಲದಿದ್ದರೆ ಹೆಂಗಸರು ಎರಡನೇ ಸಲ ಬರುವುದಿಲ್ಲ.

ಆಪರೇಟರ್ ಮಗ:
ಇವತ್ತು ಟೇಪ್ ಹಿಡಿದುಕೊಂಡು ಹೋಗಿದ್ದೆ. ಪರದೆ ಹಿಂದೆ ಬರೀ ಆರು ಅಡಿ. ಎದೆ ಒಡೆದ ಹಾಗಾಯಿತು. ಆದರೆ ಆ ಗೋಡೆಯ ಆಚೆ ಶೇಂಗಾ ಗೋದಾಮಿದೆ, ಅದೂ ಟಾಕೀಸಿನ ಮಾಲೀಕರದ್ದೇ, ಖಾಲಿ ಬಿದ್ದಿದೆ. ನಾಳೆ ಎಂಜಿನಿಯರ್ ಬರುತ್ತಾರೆ. ಬಾಲ್ಕನಿ ಜೊತೆ ಆ ಗೋಡೆಯನ್ನೂ ತೋರಿಸುತ್ತೇನೆ.