ಕಾಗದ ಇಲ್ಲದವರಿಗೆ ಶಾಲೆ, ಆಸ್ಪತ್ರೆ, ರೇಷನ್ ಕೊಡಬೇಕಾ?

ಮಂಜುನಾಥ ವಿ.
ಸುತ್ತಿ ಬಳಸಿ ಮಾತಾಡಲ್ಲ, ನೇರವಾಗಿ ಕೇಳುತ್ತೇನೆ. ಬಾಂಗ್ಲಾದೇಶದ ಗಡಿ ದಾಟಿ ಕದ್ದು ಬಂದು ಬೆಂಗಳೂರಿನಲ್ಲಿ ನೆಲೆಸಿರುವವರಿಗೆ ನಮ್ಮ ಸರ್ಕಾರಿ ಶಾಲೆ, ಆಸ್ಪತ್ರೆ, ರೇಷನ್ ಸಿಗಬೇಕಾ? ನನ್ನ ಪ್ರಕಾರ ಸಿಗಬಾರದು. ಯಾರ ಮೇಲೂ ದ್ವೇಷ ಇಲ್ಲ. ಊರಿನ ಪೂರ್ವ ಭಾಗದಲ್ಲಿ ಜನ ಎಷ್ಟು ಜಾಸ್ತಿಯಾದರು ಅಂತ ಇಲ್ಲಿರುವವರಿಗೆಲ್ಲ ಗೊತ್ತು. ಆರೋಗ್ಯ ಕೇಂದ್ರದಲ್ಲಿ ಮಾತ್ರ ಡಾಕ್ಟರ್ ಅಷ್ಟೇ, ಹಾಸಿಗೆ ಅಷ್ಟೇ. ಬೆಳಗ್ಗೆ ಎಂಟಕ್ಕೇ ಹೋಗಿ ನಿಂತ ನಮ್ಮ ಅತ್ತೆಗೆ ಹನ್ನೊಂದಾದರೂ ಚೀಟಿ ಸಿಕ್ಕಿರಲಿಲ್ಲ.

ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಗೆ ಬಂದರೆ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅಪರಾಧ ಅಂತ ಹೇಳೋದೂ ನಾವೇ, ಕರೆದು ಬಿಸಿಯೂಟ ಬಡಿಸೋದೂ ನಾವೇ. ಕಾನೂನಿಗೆ ಬೆಲೆ ಎಲ್ಲಿ ಉಳೀತು?

ಶಾರದಾ ಟೀಚರ್
ಅತ್ತೆಗೆ ಚೀಟಿ ಸಿಗದಿದ್ದಕ್ಕೆ ಡಾಕ್ಟರ್ ಹುದ್ದೆ ಖಾಲಿ ಬಿಟ್ಟಿರುವುದು ಕಾರಣವೋ, ಮುಂದೆ ನಿಂತ ಹೆಂಗಸು ಕಾರಣವೋ? ಇರಲಿ, ನನಗೆ ಗೊತ್ತಿರುವುದು ಶಾಲೆ, ಅದನ್ನೇ ಹೇಳುತ್ತೇನೆ.

ನಾನು ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿ ತೆಗೆದುಕೊಳ್ಳುತ್ತೇನೆ. ಜೂನ್‌ನಲ್ಲಿ ಒಬ್ಬ ತಾಯಿ ಮಗಳ ಕೈ ಹಿಡಿದುಕೊಂಡು ಬಂದಳು. ಕಸ ಬೇರ್ಪಡಿಸುವ ಕೆಲಸದವಳು. ಜನನ ಪ್ರಮಾಣಪತ್ರ ಇಲ್ಲ, ಆಧಾರ್ ಇಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಮಡಿಕೆ ಮಾಡಿಟ್ಟ ಒಂದೇ ಒಂದು ಕಾಗದ, ಲಸಿಕೆ ಕಾರ್ಡು. ಅದೂ ಬಂಗಾಳಿಯಲ್ಲಿ. ಪಶ್ಚಿಮ ಬಂಗಾಳದವಳೋ, ತ್ರಿಪುರಾದವಳೋ, ಅಸ್ಸಾಮಿನ ಬರಾಕ್ ಕಣಿವೆಯವಳೋ, ಬಾಂಗ್ಲಾದವಳೋ? ನಾಲ್ಕೂ ಕಡೆ ಆಡುವುದು ಬಂಗಾಳಿಯೇ. ಡಿ.ಎಡ್. ಓದಿದ ನಾನು ಇದನ್ನು ಹೇಗೆ ತೀರ್ಮಾನ ಮಾಡಲಿ?

2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 6ರಿಂದ 14 ವರ್ಷದ ಪ್ರತಿ ಮಗುವಿಗೂ ಅಂತಿದೆ. ಪ್ರಜೆಯ ಮಗುವಿಗೆ ಅಂತಿಲ್ಲ. ವಯಸ್ಸಿನ ದಾಖಲೆ ಇಲ್ಲ ಅನ್ನುವ ಕಾರಣಕ್ಕೆ ವಾಪಸ್ ಕಳಿಸುವ ಹಾಗೂ ಇಲ್ಲ. ಸೇರಿಸಿಕೊಂಡೆವು. ಮಕ್ಕಳ ಹೆಸರು ದಾಖಲಿಸುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ ಎಸ್‌ಎಟಿಎಸ್‌ನಲ್ಲಿ ಹೆಸರು ಏರಿಸಲು ಹೆಡ್‌ಮಾಸ್ಟರ್ ಪಟ್ಟ ಪಾಡು ದೇವರಿಗೇ ಪ್ರೀತಿ. ಹುಡುಗಿ ಈಗ ಒತ್ತಕ್ಷರ ಬಿಡದೆ ಕನ್ನಡ ಬರೆಯುತ್ತಾಳೆ.

ಕಿರಣ್ ಕೆ.ಆರ್. ಪುರ
ಟೀಚರ್, ನಿಮ್ಮ ಮನಸ್ಸು ಒಳ್ಳೆಯದು, ಒಪ್ಪಿದೆ. ಆದರೆ ಇದೇ ಲೆಕ್ಕ ಹಿಡಿದರೆ 4,096 ಕಿಲೋಮೀಟರ್ ಗಡಿಗೆ ಬೇಲಿ ಯಾಕೆ, ಬಿಎಸ್‌ಎಫ್ ಯಾಕೆ? ಸುಮ್ನೆ ಖರ್ಚು ಅಲ್ವಾ?

ಸುಮಾ (ವಕೀಲೆ)
ಕಿರಣ್, ಗಡಿ ಕಾಯುವುದು ಒಂದು, ಒಳಗೆ ಬಂದಾಗಿರುವ ಮನುಷ್ಯನನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನುವುದು ಇನ್ನೊಂದು. ಸಂವಿಧಾನ ಎರಡನ್ನೂ ಬೇರೆ ಬೇರೆಯಾಗಿಯೇ ನೋಡಿದೆ. ಎಲ್ಲಿ ಬೇಕಾದರೂ ನೆಲೆಸುವ, ಮಾತಾಡುವ, ಕಸುಬು ಮಾಡುವ 19ನೇ ವಿಧಿ ಪ್ರಜೆಗಳಿಗೆ ಮಾತ್ರ. ಜೀವದ ಹಕ್ಕಿನ 21ನೇ ವಿಧಿ ಎಲ್ಲ ವ್ಯಕ್ತಿಗಳಿಗೂ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಅರುಣಾಚಲಕ್ಕೆ ಬಂದ ಚಕ್ಮಾಗಳ ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. 2018ರ ಆಧಾರ್ ತೀರ್ಪಿನಲ್ಲಿ ಶಾಲೆಗೆ ಸೇರಲು ಆಧಾರ್ ಕಡ್ಡಾಯ ಅಲ್ಲ ಅಂತ ಹೇಳಿದೆ. 2025ರ ಫೆಬ್ರವರಿಯಲ್ಲಿ ಮ್ಯಾನ್ಮಾರ್‌ನಿಂದ ಬಂದು ದೆಹಲಿಯಲ್ಲಿರುವ ರೋಹಿಂಗ್ಯಾ ಮಕ್ಕಳ ಅರ್ಜಿ ಬಂದಾಗ, ಮಕ್ಕಳು ಮೊದಲು ಸರ್ಕಾರಿ ಶಾಲೆಗೆ ಹೋಗಲಿ, ಸೇರಿಸಿಕೊಳ್ಳದಿದ್ದರೆ ಹೈಕೋರ್ಟಿಗೆ ಹೋಗಲಿ ಅಂದಿತು.

ಹಾಗಂತ ಎಲ್ಲವೂ ಎಲ್ಲರಿಗೂ ಅಂತ ಯಾವ ಕೋರ್ಟೂ ಹೇಳಿಲ್ಲ. ಗಡೀಪಾರು ಮಾಡುವ ಅಧಿಕಾರ ಸರ್ಕಾರಕ್ಕೆ ಇದ್ದೇ ಇದೆ. ನೆಲಮಂಗಲದ ಸೊಂಡೆಕೊಪ್ಪದಲ್ಲಿ ಇದಕ್ಕೆಂದೇ ವಿದೇಶಿಯರ ಕೇಂದ್ರ ಇದೆ.

ಮಂಜುನಾಥ ವಿ.
ಸುಮಾ ಮೇಡಂ, ಕಾಗದದ ಮೇಲೆ ಚೆನ್ನಾಗಿದೆ. ನಡೆಯೋದು ಹೇಗೆ ನೋಡಿ. ಇವತ್ತು ಶಾಲೆಗೆ ಸೇರಿದ ಮಗುವಿಗೆ ನಾಳೆ ವರ್ಗಾವಣೆ ಪತ್ರ. ಅದನ್ನು ತೋರಿಸಿ ಆಧಾರ್. ಆಧಾರ್ ತೋರಿಸಿ ಬ್ಯಾಂಕ್ ಖಾತೆ, ಪಾನ್, ಆಮೇಲೆ ವೋಟರ್ ಐಡಿ. ಒಂದೊಂದು ಕಾಗದವೂ ಮುಂದಿನದಕ್ಕೆ ಮೆಟ್ಟಿಲು. ಅಸ್ಸಾಮಿನ ಚಳವಳಿ 1979ರಲ್ಲಿ ಶುರುವಾಗಿದ್ದೇ ಮತದಾರರ ಪಟ್ಟಿಯಲ್ಲಿ ಹೊರಗಿನವರ ಹೆಸರು ಸೇರಿದೆ ಅನ್ನುವ ಸಿಟ್ಟಿನಿಂದ. 1985ರ ಒಪ್ಪಂದದವರೆಗೆ ಎಷ್ಟು ರಕ್ತ ಹರಿಯಿತು! ಮೊದಲ ಮೆಟ್ಟಿಲಲ್ಲೇ ತಡೆದಿದ್ದರೆ ಅಷ್ಟು ದೂರ ಹೋಗುತ್ತಿತ್ತಾ? ಮಕ್ಕಳನ್ನು ಮುಂದಿಟ್ಟರೆ ನಮ್ಮ ಬಾಯಿ ಕಟ್ಟುತ್ತದೆ, ನಿಜ. ಆದರೆ ಪ್ರಶ್ನೆ ಸುಳ್ಳಾಗುವುದಿಲ್ಲ.

ಭೀಮಣ್ಣ, ಯಾದಗಿರಿ
ಮಂಜುನಾಥ ಸರ್, ಅಸ್ಸಾಂ ದೂರ ಆಯ್ತು. ಇಲ್ಲೇ ಕರಿಯಮ್ಮನ ಅಗ್ರಹಾರದಲ್ಲಿ 2020ರ ಜನವರಿಯಲ್ಲಿ ಏನಾಯ್ತು ನೆನಪಿದೆಯಾ? ಬಾಂಗ್ಲಾದವರು ಬೀಡು ಬಿಟ್ಟಿದ್ದಾರೆ ಅಂತ ಒಂದು ವಿಡಿಯೊ ಓಡಾಡಿತು. ಒಂದು ಭಾನುವಾರ ಜೆಸಿಬಿ ಬಂದು ಶೆಡ್‌ಗಳನ್ನು ನೆಲಸಮ ಮಾಡಿತು. ಆಮೇಲೆ ನೋಡಿದರೆ ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾ, ಪಶ್ಚಿಮ ಬಂಗಾಳದವರ ಜೊತೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಕೈಯಲ್ಲಿ ಆಧಾರ್, ವೋಟರ್ ಐಡಿ ಹಿಡಿದುಕೊಂಡು ನಿಂತಿದ್ದರು. ಕೇಸು ಹೈಕೋರ್ಟಿಗೆ ಹೋಯಿತು. ತೆರವು ಮಾಡಿದ್ದು ಕಾನೂನುಬಾಹಿರ ಅಂತ ಹೇಳಿದ ಕೋರ್ಟ್, ಅವರಿಗೆ ಪುನರ್ವಸತಿ ಕೊಡಿ ಅಂತ ಸರ್ಕಾರಕ್ಕೆ ಸೂಚಿಸಿತು.

ನಾನೂ ಗಾರೆ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದವನೇ. ಶೆಡ್ಡಿನಲ್ಲಿ ಇದ್ದವನೇ. ಅಕ್ರಮ ವಲಸಿಗ ಯಾರು ಅಂತ ಹುಡುಕಲು ಬರುವವರು ಮೊದಲು ನೋಡುವುದು ಬಟ್ಟೆ, ಮೈಬಣ್ಣ, ಟಾರ್ಪಾಲು. ನನ್ನ ಹೆಂಡತಿ ಕನ್ನಡದಲ್ಲೇ ಬೈದಳು, ಅದಕ್ಕೇ ಬಿಟ್ಟು ಹೋದರು. ಒಡಿಶಾದ ಪಕ್ಕದ ಮನೆಯವರಿಗೆ ಆ ಭಾಗ್ಯ ಇರಲಿಲ್ಲ.

ರಘು, ನ್ಯೂಜೆರ್ಸಿ
ಇಲ್ಲಿ ಅಮೆರಿಕದಲ್ಲಿ ಐವತ್ತು ವರ್ಷದಿಂದ ಇದೇ ಜಗಳ. ಟೆಕ್ಸಾಸ್ 1975ರಲ್ಲಿ ಒಂದು ಕಾನೂನು ಮಾಡಿತು, ದಾಖಲೆ ಇಲ್ಲದ ಮಕ್ಕಳ ಓದಿಗೆ ರಾಜ್ಯದ ದುಡ್ಡು ಇಲ್ಲ ಅಂತ. ಟೈಲರ್ ಅನ್ನುವ ಊರಿನ ಶಾಲೆಗಳು ಅಂಥ ಮಗುವಿಗೆ ವರ್ಷಕ್ಕೆ 1,000 ಡಾಲರ್ ಶುಲ್ಕ ಹಾಕಿದವು. 1982ರಲ್ಲಿ ಪ್ಲೈಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ತಳ್ಳಿಹಾಕಿತು. ಐದು ನ್ಯಾಯಮೂರ್ತಿಗಳು ಪರ, ನಾಲ್ವರು ವಿರೋಧ. ಕೂದಲೆಳೆ ಅಂತರ. ಎಮರ್ಜೆನ್ಸಿಗೆ ಬಂದವರನ್ನು ವಾಪಸ್ ಕಳಿಸಬಾರದು ಅಂತ 1986ರಲ್ಲಿ ಕಾನೂನಾಯಿತು. 1996ರಲ್ಲಿ ಮಾತ್ರ ಬಡವರ ಆಹಾರಕ್ಕೆ ಕೊಡುವ ಫುಡ್ ಸ್ಟಾಂಪ್ ಥರದ ಕೇಂದ್ರದ ನೆರವಿನಿಂದ ಇವರನ್ನು ಪೂರ್ತಿ ಹೊರಗಿಟ್ಟರು.

ದಾಖಲೆ ಇಲ್ಲದವರು ತೆರಿಗೆ ಕಟ್ಟಲ್ಲ ಅನ್ನುವುದು ಇಲ್ಲಿ ಸುಳ್ಳು. ಒಂದು ತೆರಿಗೆ ಅಧ್ಯಯನ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಇವರು ಕಟ್ಟಿದ ತೆರಿಗೆ 9,670 ಕೋಟಿ ಡಾಲರ್.

ಆದರೆ ಮಂಜುನಾಥ್ ಮಾತಿನಲ್ಲೂ ಹುರುಳಿದೆ. ಕ್ಯಾಲಿಫೋರ್ನಿಯಾ 2024ರಿಂದ ದಾಖಲೆ ಇಲ್ಲದ ಎಲ್ಲ ವಯಸ್ಸಿನವರಿಗೂ ಸರ್ಕಾರಿ ಆರೋಗ್ಯ ವಿಮೆ ತೆರೆಯಿತು. ಖರ್ಚು ಕೈಮೀರಿತು. 2026ರ ಜನವರಿಯಿಂದ ದಾಖಲೆ ಇಲ್ಲದ ದೊಡ್ಡವರನ್ನು ಹೊಸದಾಗಿ ಸೇರಿಸಿಕೊಳ್ಳುವುದನ್ನು ನಿಲ್ಲಿಸಲು ತೀರ್ಮಾನಿಸಿತು. ಕೊಟ್ಟು ಕಿತ್ತುಕೊಳ್ಳುವುದು ಇನ್ನೂ ಕೆಟ್ಟದ್ದು. ನಾನು ಗ್ರೀನ್ ಕಾರ್ಡಿನ ಸಾಲಿನಲ್ಲಿ ತಲೆ ನರೆಸಿಕೊಂಡವನು. ನಿಯಮ ಪಾಲಿಸಿದವನೇ ಮೂರ್ಖ ಅನ್ನಿಸುವ ದಿನಗಳು ಇರುತ್ತವೆ, ಅದನ್ನು ಮುಚ್ಚಿಡಲ್ಲ.

ಕಿರಣ್ ಕೆ.ಆರ್. ಪುರ
ಅಮೆರಿಕ ಶ್ರೀಮಂತ ದೇಶ, ತಡಕೊಳ್ಳುತ್ತದೆ. ಹಾಗಿದ್ದೂ 2025ರ ಫೆಬ್ರವರಿಯಲ್ಲಿ ನಮ್ಮವರನ್ನೇ ಕೈಗೆ ಬೇಡಿ ಹಾಕಿ ಮಿಲಿಟರಿ ವಿಮಾನದಲ್ಲಿ ಅಮೃತಸರಕ್ಕೆ ತಂದು ಇಳಿಸಲಿಲ್ವಾ? 104 ಜನ. ನಾವು ಮಾತ್ರ ಯಾಕೆ ಮೆತ್ತಗಿರಬೇಕು?

ಕುಂದಾಪ್ರದವ
ಆ ಬೇಡಿ ನೋಡಿ ನಮಗೆ ಹೊಟ್ಟೆ ಉರಿಯಿತಲ್ಲ ಕಿರಣ್? ಉರಿಯದಿದ್ದರೆ ಬಿಡಿ.

ನಾನು ಹನ್ನೆರಡು ವರ್ಷ ಗಲ್ಫಿನಲ್ಲಿದ್ದೆ. ಕರಾವಳಿಯ ಮನೆ ಮನೆಗೂ ಖಲ್ಲಿವಲ್ಲಿ ಅಂದರೆ ಏನು ಅಂತ ಗೊತ್ತು. ವೀಸಾ ಕೊಟ್ಟು ಕರೆಸಿಕೊಂಡ ಮಾಲೀಕ, ಅಂದರೆ ಕಫೀಲನ ಹತ್ತಿರದಿಂದ ಓಡಿ ಹೋಗಿ, ವೀಸಾ ಇಲ್ಲದೆ ಸಿಕ್ಕಲ್ಲಿ ದುಡಿಯುವವ. ನಮ್ಮ ರೂಮಿನಲ್ಲೇ ಒಬ್ಬ ಇದ್ದ, ಬೈಂದೂರು ಕಡೆಯವ. ಇಕಾಮಾ, ಅಂದರೆ ಅಲ್ಲಿ ಇರಲು ಬೇಕಾದ ಪರವಾನಗಿ ಕಾರ್ಡು ಇಲ್ಲ, ಹಾಗಾಗಿ ಆಸ್ಪತ್ರೆ ಮೆಟ್ಟಿಲು ಹತ್ತುವ ಹಾಗಿಲ್ಲ. ಕಾಲಿಗೆ ಕಬ್ಬಿಣ ಚುಚ್ಚಿ ಕೀವಾಯ್ತು. ಶುಗರ್ ಬೇರೆ. ಮೆಡಿಕಲ್ ಅಂಗಡಿಯ ಮಲಯಾಳಿ ಕೊಟ್ಟ ಮಾತ್ರೆ ನುಂಗಿಕೊಂಡು, ಸಂಜೆ ಬಕೆಟ್ಟಿನ ಬಿಸಿ ನೀರಿಗೆ ಉಪ್ಪು ಹಾಕಿ ಕಾಲು ಇಟ್ಟುಕೊಂಡು ಕೂರುತ್ತಿದ್ದ. ಕಡೆಗೆ ಎರಡು ಬೆರಳು ಹೋದವು. ವೀಸಾ ಇಲ್ಲದವರಿಗೆ ಕ್ಷಮಾದಾನ ಘೋಷಣೆಯಾದಾಗ, ಊರಿಗೆ ಮರಳಲು ಕೊಡುವ ಔಟ್‌ಪಾಸ್ ಮಾಡಿಸಿಕೊಂಡು ಊರಿಗೆ ಬಂದ.

ಸೇವೆ ನಿಲ್ಲಿಸಿದರೆ ಅವರೇ ವಾಪಸ್ ಹೋಗುತ್ತಾರೆ ಅನ್ನುವವರಿಗೆ ಇದನ್ನು ಹೇಳಬೇಕಿತ್ತು. ಅವನು ಹೋಗಲಿಲ್ಲ. ಊರಲ್ಲಿ ಸಾಲ ಇತ್ತು.

ಇನ್ನೊಂದು ವಿಷಯ. ಕೊರೊನಾ ಬಂದಾಗ, 2020ರ ಮಾರ್ಚ್ ಕೊನೆಗೆ, ಸೌದಿ ದೊರೆ ವೀಸಾ ನಿಯಮ ಮುರಿದವರಿಗೂ ಪುಕ್ಕಟೆ ಚಿಕಿತ್ಸೆ ಅಂತ ಆದೇಶ ಮಾಡಿದರು. ಸೌದಿ! ಕರುಣೆ ಅಂತ ಬೇಕಾದರೆ ಅನ್ನಿ. ರೋಗಕ್ಕೆ ಇಕಾಮಾ ಬೇಡ ಅಂತ ಅವರಿಗೆ ಗೊತ್ತಾಯಿತು, ಅಷ್ಟೇ.

ಗಿರಿಜಮ್ಮ (ನಿವೃತ್ತ ಎಎನ್‌ಎಂ, ಸರ್ಕಾರಿ ಆರೋಗ್ಯ ಸಹಾಯಕಿ)
ಅದೇ ಮಾತು ನಾನೂ ಬರೆಯೋಣ ಅಂತಿದ್ದೆ. ಪಲ್ಸ್ ಪೋಲಿಯೋ ಕೆಲಸಕ್ಕೆ ಹೋದಾಗ ನಮಗೆ ಮೊದಲು ಹೇಳುತ್ತಿದ್ದದ್ದೇ ಇಟ್ಟಿಗೆ ಗೂಡು, ಕಟ್ಟಡದ ಸೈಟು, ಗುಡಾರ, ಬಸ್ ನಿಲ್ದಾಣ ಬಿಡಬೇಡಿ ಅಂತ. ಮನೆಗೆ ಹೋಗಿ ಬಂದ ಗುರುತಿಗೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ಟಾರ್ಪಾಲಿನ ಮೇಲೆ ಸೀಮೆಸುಣ್ಣ ಹಿಡಿಯುತ್ತದಾ? ನೀರಿನ ಡ್ರಮ್ಮಿನ ಮೇಲೆ ಬರೆಯುತ್ತಿದ್ದೆವು. ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ. ಯಾವ ದೇಶ ಅಂತ ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಮುಂದಿನ ಸುತ್ತಿಗೆ ಆ ತಾಯಿ ಮಗುವನ್ನು ಬಚ್ಚಿಡುತ್ತಿದ್ದಳು. ದೇಶದ ಕೊನೆಯ ಪೋಲಿಯೋ ಪ್ರಕರಣ ಹೌರಾದಲ್ಲಿ, 2011ರ ಜನವರಿಯಲ್ಲಿ. ಗಡಿ ರಾಜ್ಯದಲ್ಲೇ ನೋಡಿ.

ಹೆರಿಗೆಯದ್ದೂ ಹೀಗೇ. ತಾಯಿ ಕಾರ್ಡ್ ಮಾಡಿಸದ ಬಸುರಿ ನಡುರಾತ್ರಿ ನೋವು ಶುರುವಾದ ಮೇಲೆ ಬರುತ್ತಾಳೆ. ರಕ್ತದ ಗುಂಪು ಗೊತ್ತಿಲ್ಲ, ಬಿಪಿ ಎಷ್ಟಿತ್ತು ಗೊತ್ತಿಲ್ಲ, ಹಿಮೋಗ್ಲೋಬಿನ್ ಆರೋ ಏಳೋ. ತಿಂಗಳಿಗೊಮ್ಮೆ ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ಮುಗಿಯುತ್ತಿದ್ದದ್ದಕ್ಕೆ ನಾಲ್ಕು ಬಾಟಲಿ ರಕ್ತ. ದುಡ್ಡಿನ ಲೆಕ್ಕವೇ ಬೇಕಾದರೆ ಇದನ್ನೂ ಸೇರಿಸಿ.

ಮಂಜುನಾಥ ವಿ.
ಲಸಿಕೆ, ಹೆರಿಗೆ, ಅಪಘಾತ ಬೇಡ ಅಂತ ನಾನು ಎಲ್ಲಿ ಹೇಳಿದೆ?

ಶಾರದಾ ಟೀಚರ್
ಮೊದಲ ಮಾತಲ್ಲೇ "ಆಸ್ಪತ್ರೆ" ಅಂದಿದ್ದೀರಿ ಸರ್. ಮೇಲೆ ಹೋಗಿ ಓದಿ.

ಮಂಜುನಾಥ ವಿ.
ಸರಿ. ಅದನ್ನು ಬಿಡೋಣ, ಜೀವ ಉಳಿಸುವುದು ಎಲ್ಲರಿಗೂ. ರೇಷನ್? ಮನೆ ಯೋಜನೆ? ಇಲ್ಲಿ ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲ. ಇಲ್ಲಿ ನಾನು ಒಂದು ಇಂಚೂ ಹಿಂದೆ ಸರಿಯಲ್ಲ.

ಸುಮಾ (ವಕೀಲೆ)
ಕಾಗದ ಇಲ್ಲದವರಿಗೆ ರೇಷನ್ ಕಾರ್ಡ್ ಸಿಗುವುದೇ ಇಲ್ಲ. ಸಿಗುವುದು ನಕಲಿ ಕಾಗದ ಇರುವವರಿಗೆ. ಆಧಾರ್ ಪೌರತ್ವಕ್ಕೆ ಪುರಾವೆ ಅಲ್ಲ ಅಂತ 2016ರ ಆಧಾರ್ ಕಾಯ್ದೆಯಲ್ಲೇ ಇದೆ. ವರ್ಷದಲ್ಲಿ 182 ದಿನ ಇಲ್ಲಿ ವಾಸ ಇದ್ದರೆ ಮಾಡಿಸಬಹುದು. ಆದರೂ ಎಲ್ಲ ಕೌಂಟರಿನಲ್ಲೂ ಅದನ್ನೇ ಕೇಳುತ್ತೇವೆ. ಹಿಡಿಯಬೇಕಾದದ್ದು ನಕಲಿ ಜನನ ಪತ್ರ ಮಾರುವವನನ್ನು, ಕೌಂಟರ್ ಮುಂದೆ ನಿಂತ ಹೆಂಗಸನ್ನು ಹಿಡಿದರೆ ಏನು ಬಂತು?

ಹೊಸ ಕಾಯ್ದೆ ಓದಿದ್ದೀರಲ್ಲ, ಅದರಲ್ಲಿ ಇನ್ನೊಂದು ಮಾತಿದೆ. ವಿದೇಶಿಯರು ಸೇರಿದರೆ ಶಿಕ್ಷಣ ಸಂಸ್ಥೆಗಳು, ಆಸ್ಪತ್ರೆಗಳು ಅಧಿಕಾರಿಗಳಿಗೆ ಮಾಹಿತಿ ಕೊಡಬೇಕು. ಸೇವೆ ಕೊಡಬೇಡಿ ಅಂತಿಲ್ಲ. ಆದರೆ ಪೊಲೀಸರಿಗೆ ಸುದ್ದಿ ಹೋಗುತ್ತದೆ ಅಂದರೆ ಗಿರಿಜಮ್ಮನವರು ಹೇಳಿದ ಆ ತಾಯಿ ಬಾಗಿಲು ತೆಗೆಯುತ್ತಾಳಾ? ಬ್ರಿಟನ್ನಿನಲ್ಲಿ ಆಸ್ಪತ್ರೆ, ಮನೆ ಮಾಲೀಕ, ಬ್ಯಾಂಕು ಎಲ್ಲರ ಕೈಗೂ ವಲಸೆ ಕಾಗದದ ತಪಾಸಣೆ ಕೊಟ್ಟರು. ಸಿಕ್ಕಿಬಿದ್ದವರು ಯಾರು? ಚಿಕ್ಕವರಿದ್ದಾಗ ಕೆರಿಬಿಯನ್ ದ್ವೀಪಗಳಿಂದ ಕಾನೂನುಬದ್ಧವಾಗಿಯೇ ಬಂದು, ಅಲ್ಲೇ ದುಡಿದು ಮುದುಕರಾದವರು. ಹಳೇ ಕಾಗದ ಇರಲಿಲ್ಲ ಅಂತ ಕೆಲಸ ಹೋಯಿತು, ಚಿಕಿತ್ಸೆ ನಿಂತಿತು, ಕೆಲವರನ್ನು ಗಡೀಪಾರೂ ಮಾಡಿದರು. 2018ರಲ್ಲಿ ಗಲಾಟೆಯಾಗಿ ಗೃಹ ಸಚಿವೆ ಆಂಬರ್ ರಡ್ ರಾಜೀನಾಮೆ ಕೊಟ್ಟರು.

ಭೀಮಣ್ಣ, ಯಾದಗಿರಿ
ನಮ್ಮಲ್ಲೂ ಆಗಿದ್ದು ಅದೇ ಅಲ್ವಾ? ಅಸ್ಸಾಮಿನ ಎನ್‌ಆರ್‌ಸಿ, ಅಂದರೆ ಪ್ರಜೆಗಳ ನೋಂದಣಿ ಪಟ್ಟಿಯಿಂದ 2019ರಲ್ಲಿ 19 ಲಕ್ಷ ಜನ ಹೊರಗೆ ಬಿದ್ದರು. ನಮ್ಮ ಅವ್ವನ ಹತ್ತಿರ ಜನನ ಪತ್ರ ಕೇಳಿದರೆ ದೊಡ್ಡ ಬರಗಾಲದ ವರ್ಷ ಹುಟ್ಟಿದೆ ಅಂತಾಳೆ.

ಕಿರಣ್ ಕೆ.ಆರ್. ಪುರ
ನಾನು ಇನ್ನೂ ಒಪ್ಪಲ್ಲ. ಆದರೆ ಒಂದು ಪ್ರಶ್ನೆ ಎಲ್ಲರೂ ಬಿಟ್ಟಿದ್ದೀರಿ. ಈ ಶೆಡ್‌ಗಳು ಆಕಾಶದಿಂದ ಉದುರಲ್ಲ. ಯಾರದೋ ಸೈಟಿನಲ್ಲಿ ಇರುತ್ತವೆ, ತಿಂಗಳ ತಿಂಗಳ ಬಾಡಿಗೆ ಬರುತ್ತದೆ. ಕರೆಂಟು ಯಾರು ಎಳೆದು ಕೊಟ್ಟರು? ಕಡಿಮೆ ಕೂಲಿಗೆ ಕಸ ಎತ್ತಿಸುವ ಗುತ್ತಿಗೆದಾರ ಯಾರು? ಜೆಸಿಬಿ ಬಂದಾಗ ಅವರ ಮೇಲೆ ಕೇಸು ಬಿದ್ದದ್ದು ನಾನಂತೂ ನೋಡಿಲ್ಲ. ಮಂಜುನಾಥ್ ಸರ್, ನಿಮ್ಮ ಬಡಾವಣೆಯ ಶೆಡ್ ಜಾಗ ಯಾರದ್ದು? ನಿಮ್ಮ ಸಂಘದವರು ಯಾಕೆ ದೂರು ಕೊಟ್ಟಿಲ್ಲ?

ಮಂಜುನಾಥ ವಿ.
ಯಾರದ್ದು ಅಂತ ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ನಮ್ಮ ಬಡಾವಣೆಗೆ ಟ್ಯಾಂಕರ್ ನೀರು ಕೊಡುವವನೂ ಅವನೇ. ಹೋದ ವರ್ಷ ದೂರು ಕೊಡೋಣ ಅಂತ ಮೀಟಿಂಗಿನಲ್ಲಿ ಒಬ್ಬರು ಎತ್ತಿದರು, ಯಾರೂ ಸಹಿ ಹಾಕಲಿಲ್ಲ.

ಭೀಮಣ್ಣ, ಯಾದಗಿರಿ
ನೀವು ಹಾಕಿದ್ರಾ ಸರ್?